ಗಿರಿಜಕ್ಕನ ಹೊಂಡ ಸೊರಬಕ್ಕೆ ಹೋದದ್ದು

ಶಿಕಾರಿಪುರದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಈ ಕಥೆ ಈಗಲೂ ಚಲಾವಣೆಯಲ್ಲಿದೆ. ಸರ್ವೆ ಕೆಲಸದ ಇಬ್ಬರು ಫೋನ್ ನಂಬಿ ಹೊರಟರಂತೆ. ತೊಗರ್ಸಿ ಕಡೆಯ ಕೃಷಿ ಹೊಂಡ ಹುಡುಕಬೇಕಾದವರನ್ನು ಫೋನು ಸೊರಬದ ಕಾನಿಗೆ, ಅಂದರೆ ದಟ್ಟ ಕಾಡಿಗೆ, ಕೊಂಡೊಯ್ದು ರಕ್ತ ಹೀರುವ ಉಂಬಳಗಳ ಬಾಯಿಗೆ ಹಾಕಿತಂತೆ. ಹೇಳುವವರು ಕೊನೆಯಲ್ಲಿ "ಅದಕ್ಕೇ ಹೇಳೋದು, ಫೋನ್ ನಂಬಬಾರ್ದು" ಎಂದು ಲೋಟ ಕೆಳಗಿಡುತ್ತಾರೆ. ಕೇಳುವವರು ತಲೆಯಾಡಿಸುತ್ತಾರೆ.

ಆ ಇಬ್ಬರಲ್ಲಿ ಒಬ್ಬಳು ನಾನು. ಉಂಬಳದ ಮಟ್ಟಿಗೆ ಕಥೆ ನಿಜ. ಉಳಿದದ್ದಕ್ಕೆ ನನ್ನ ಆಕ್ಷೇಪವಿದೆ. ಫೋನು ನಮ್ಮ ದಾರಿ ತಪ್ಪಿಸಲೇ ಇಲ್ಲ. ಹೇಳಿದ ಜಾಗಕ್ಕೆ ನೆಟ್ಟಗೆ, ಒಂದು ಗದ್ದೆಯ ಬದುವಿನಷ್ಟೂ ಆಚೀಚೆಯಾಗದಂತೆ ಕರೆದೊಯ್ದಿತು. ಹಾಗಾದರೆ ಆ ಜಾಗವನ್ನು ಅದಕ್ಕೆ ಹೇಳಿದವರು ಯಾರು? ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಫೋನನ್ನು ಬೈದರೆ ಅದು ತಿರುಗಿ ಮಾತಾಡುವುದಿಲ್ಲವಲ್ಲ, ಅದೇ ಅನುಕೂಲ.

ನಿವೃತ್ತಿಯ ನಂತರದ ಅನುಭವ ಎಂದರೆ ನಗಬೇಡಿ. ಮೂವತ್ತು ತುಂಬುವ ಮೊದಲೇ ನಿವೃತ್ತಳಾದವಳು ನಾನು. ಗುತ್ತಿಗೆಯ ಕೆಲಸ, ಗುತ್ತಿಗೆ ಮುಗಿಯಿತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ನಾನು ಬಹಳ ಒಳ್ಳೆಯವಳೆಂದು ಭಾಷಣವೂ ಆಯಿತು. ಇಷ್ಟಾದ ಮೇಲೂ ಇದು ನಿವೃತ್ತಿಯಲ್ಲ ಎನ್ನುವವರು ಮೊದಲು ನಿವೃತ್ತಿಯ ವ್ಯಾಖ್ಯೆಯನ್ನು ಮುಂದಿಡಲಿ, ಆಮೇಲೆ ವಾದಿಸೋಣ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು. ಈಗ ಕಾನೂನು ಓದಲು ಸೇರಿದ್ದೇನೆ. ನಡುವಿನ ವರ್ಷಗಳಲ್ಲಿ ನಾನು ಮಾಡಿದ ಕೆಲಸಕ್ಕೆ ಈಗ ಹೊಸಬರು ಸೇರುತ್ತಿದ್ದಾರೆ. ಅವರಿಗೆ ತರಬೇತಿಯಲ್ಲಿ ಹೇಳದೆ ಬಿಟ್ಟದ್ದನ್ನು ಬರೆಯುತ್ತಿದ್ದೇನೆ.

ಕೆಲಸ ಇಷ್ಟೇ. ದೂರದ ಕಚೇರಿಯಲ್ಲಿ ಕುಳಿತವರು ಉಪಗ್ರಹದ ಚಿತ್ರ ನೋಡಿ ಇದು ಗದ್ದೆ, ಇದು ಕಾಡು, ಇದು ನೀರು ಎಂದು ಬಣ್ಣ ಹಚ್ಚುತ್ತಾರೆ. ಅದು ನಿಜವೇ ಎಂದು ನೋಡಲು ನಕ್ಷೆಯ ಮೇಲೆ ಚುಕ್ಕಿಗಳನ್ನು ಎಸೆಯುತ್ತಾರೆ. ಪ್ರತಿ ಚುಕ್ಕಿಗೂ ಎರಡು ಸಂಖ್ಯೆ, ಒಂದು ಅಕ್ಷಾಂಶ, ಇನ್ನೊಂದು ರೇಖಾಂಶ. ಆ ಚುಕ್ಕಿ ಭೂಮಿಯ ಮೇಲೆ ಎಲ್ಲಿ ಬೀಳುತ್ತದೋ ಅಲ್ಲಿಗೆ ನಾವು ಹೋಗಿ ನಿಲ್ಲಬೇಕು, ಅಲ್ಲಿ ಏನಿದೆಯೋ ಅದರ ಫೋಟೋ ತೆಗೆಯಬೇಕು.

ನಾನು ಸೇರಿದಾಗ ಕೈಗೆ ಕೊಟ್ಟದ್ದು ಇಟ್ಟಿಗೆಯಂಥ ಒಂದು ಹಳದಿ ಜಿಪಿಎಸ್ ಯಂತ್ರ. ಎರಡು ಶೆಲ್ ಹಾಕಿ, ಬಯಲಿನಲ್ಲಿ ಆಕಾಶಕ್ಕೆ ಮುಖಮಾಡಿ ಹಿಡಿದು, ಉಪಗ್ರಹಗಳು ಸಿಗುವವರೆಗೆ ಕಾಯಬೇಕು. ನಮ್ಮ ಮೇಲ್ವಿಚಾರಕ ಹಾಲೇಶಪ್ಪ ಸರ್ ಅದನ್ನು ಹಿಡಿದು ನಿಂತರೆ ಸೂರ್ಯನಮಸ್ಕಾರಕ್ಕೆ ಸಿದ್ಧರಾದಂತೆ ಕಾಣುತ್ತಿದ್ದರು. ಆಮೇಲೆ ಎಲ್ಲವೂ ಫೋನಿಗೆ ಬಂತು. ಪರದೆಯಲ್ಲಿ ಒಂದು ಕೆಂಪು ವೃತ್ತ. ಚುಕ್ಕಿಯ ಹತ್ತಿರ ಹೋದರೆ ಅದು ಹಸಿರಾಗುತ್ತದೆ. ಹಸಿರಾದರೆ ಮಾತ್ರ ಕ್ಯಾಮೆರಾ ತೆರೆಯುತ್ತದೆ. ಮನೆಯಲ್ಲಿ ಕುಳಿತು ಫೋಟೋ ಹಾಕುವ ಕಳ್ಳರನ್ನು ತಡೆಯಲು ಮಾಡಿದ ಉಪಾಯವಂತೆ. ಉಪಾಯ ಒಳ್ಳೆಯದೇ. ಅದರ ಇನ್ನೊಂದು ಮುಖಕ್ಕೆ ಆಮೇಲೆ ಬರುತ್ತೇನೆ.

ಹೊಸಬರಿಗೆ ಮೊದಲ ಪಾಠ: ಫೋನು ಹೇಳುವ ದೂರ ಹಾರುವ ಹಕ್ಕಿಗೆ ಹೇಳಿದ್ದು, ನಿಮಗಲ್ಲ. ನನ್ನ ಮೊದಲ ವಾರದಲ್ಲೇ ಪರದೆ ಮುನ್ನೂರು ಮೀಟರ್ ಎಂದಿತು. ಬೀಗುತ್ತ ನಡೆದೆ. ಮುಂದೆ ಕೆರೆ. ಚುಕ್ಕಿ ಆಚೆ ದಡದಲ್ಲಿ. ಏರಿಯ ಮೇಲೆ ಎಮ್ಮೆ ಕಾಯುತ್ತಿದ್ದವನನ್ನು ಕೇಳಿದೆ, "ಅಣ್ಣಾ, ಆ ಕಡೆಗೆ ಎಷ್ಟು ದೂರ?"

"ಕೂಗಿದ್ರೆ ಇಲ್ಲೇ. ನಡೆದ್ರೆ ಕೋಡಿ ಬಳಸ್ಕೊಂಡು ಹೋಗ್ಬೇಕು, ಊಟ ಮಾಡ್ಕೊಂಡೇ ಹೊರಡ್ರಿ."

ನಮ್ಮವರು ಹಿಂದಿನಿಂದಲೂ ಕೂಗಳತೆ ಎಂದು ದೂರ ಅಳೆಯುತ್ತಿದ್ದರು. ಫೋನು ಮಾಡುವುದೂ ಅದನ್ನೇ, ಕೂಗಳತೆಗೆ ಮೀಟರಿನ ಅಂಗಿ ತೊಡಿಸಿದೆ ಅಷ್ಟೆ.

ಎರಡನೆಯ ಪಾಠ: ನಿಂತಲ್ಲೇ ನಿಂತು ಬಾಣದ ಗುರುತು ನೋಡಬೇಡಿ. ನಿಂತವರಿಗೆ ಬಾಣ ಕೋಳಿಯಂತೆ ಸುತ್ತಲೂ ತಿರುಗುತ್ತದೆ. ನಾಲ್ಕು ಹೆಜ್ಜೆ ಹಾಕಿ, ಆಮೇಲೆ ಅದಕ್ಕೆ ಬುದ್ಧಿ ಬರುತ್ತದೆ. ಮೂರನೆಯದು: ಫೋನ್ ಹಿಡಿದು ಹೊಲದಲ್ಲಿ ನಿಂತ ಹೆಂಗಸನ್ನು ಕಂಡರೆ ಊರಿಗೆ ಊರೇ ರಸ್ತೆ ಬಂತು ಎಂದುಕೊಳ್ಳುತ್ತದೆ. "ಯಾರ ಜಮೀನು ಹೋಗುತ್ತೆ ಮೇಡಂ?" ಎಂದು ಕೇಳಿದವರಿಗೆ "ಯಾರದ್ದೂ ಇಲ್ಲ" ಎಂದರೆ ನಂಬುವುದಿಲ್ಲ. "ಇನ್ನೂ ಗೊತ್ತಿಲ್ಲ" ಎಂದರೆ ಕಾಫಿ ಸಿಗುತ್ತದೆ. ನಾನು ಯಾವುದನ್ನು ಹೇಳುತ್ತಿದ್ದೆ ಎಂಬುದು ಇಲ್ಲಿ ಅಪ್ರಸ್ತುತ.

ಸೊರಬ ತಾಲ್ಲೂಕಿನ ಜಡೆ ಎಂಬ ಊರಿನಲ್ಲಿ ನಡೆದದ್ದನ್ನು ಹೇಳದಿದ್ದರೆ ಅನ್ಯಾಯವಾದೀತು. ಕಚೇರಿಯ ಚಿತ್ರದಲ್ಲಿ "ಬಯಲು" ಎಂದಿದ್ದ ಚುಕ್ಕಿ ಒಂದು ಮನೆಯ ಹಿತ್ತಿಲಿನ ಬಚ್ಚಲಿನೊಳಗೆ ಬಿದ್ದಿತ್ತು. ಒಳಗೆ ಆ ಮನೆಯ ಅಜ್ಜ. ಹಿತ್ತಿಲಿನಲ್ಲಿ ಎಲ್ಲಿ ನಿಂತರೂ ವೃತ್ತ ಕೆಂಪು; ಬಚ್ಚಲ ಬಾಗಿಲಿಗೆ ಬೆನ್ನು ತಾಗಿಸಿ ನಿಂತರೆ ಮಾತ್ರ ಹಸಿರು.

"ಯಾರದು ಬಾಗ್ಲಲ್ಲಿ?" ಒಳಗಿಂದ ಕೂಗು.

"ಸರ್ವೆಯವರು ಅಜ್ಜಾ. ಒಂದು ಫೋಟೋ ತೆಗೀಬೇಕಿತ್ತು."

"ಎಣ್ಣೆ ಹಚ್ಕೊಂಡ್ ಕೂತಿದೀನಲ್ಲೇ ಮಾರಾಯ್ತಿ! ಸರ್ಕಾರಕ್ಕೆ ನನ್ ಫೋಟೋ ಈಗ್ಲೇ ಬೇಕಾ?"

"ನಿಮ್ದಲ್ಲ ಅಜ್ಜಾ, ಜಾಗದ್ದು."

"ಜಾಗ ಎಲ್ಲಿಗೂ ಹೋಗಲ್ಲ. ಕೂತ್ಕೋ, ನೀರು ಹುಯ್ಕೊಂಡು ಬರ್ತೆ."

ಕೂತೆ. ಅಜ್ಜ ಬಂದು ತಲೆ ಒರೆಸಿಕೊಳ್ಳುತ್ತ, ತನ್ನ ಬಚ್ಚಲು ಆಕಾಶದಿಂದ ಬಯಲಿನಂತೆ ಕಾಣುತ್ತದೆಂದು ಕೇಳಿ, ಮನೆಯೊಳಗೆ ಮುಖ ಮಾಡಿ ಕೂಗಿದರು: "ಕೇಳ್ಸ್ತನೇ? ಮಾಡು ಹಾಕ್ಸು ಹಾಕ್ಸು ಅಂತ ನಾ ಹೇಳ್ತಿದ್ದಿದ್ದು ಈಗ ಮೇಲಿನವರಿಗೂ ಗೊತ್ತಾಯ್ತು!" ಆ ಬಚ್ಚಲಿಗೆ ಸೂರೇ ಇರಲಿಲ್ಲ. ಉಪಗ್ರಹ ಸುಳ್ಳು ಹೇಳಿರಲಿಲ್ಲ.

ಇನ್ನು ಹಾಲೇಶಪ್ಪ ಸರ್. ಐವತ್ತು ದಾಟಿದವರು, ಶಿಕಾರಿಪುರದವರೇ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಲ್ಲಿ ಅವರಿಗೆ ಗೊತ್ತಿಲ್ಲದ ತಿರುವಿಲ್ಲ, ಅವರನ್ನು ನಿಲ್ಲಿಸಿ ಮಾತಾಡಿಸದ ಅಂಗಡಿಯಿಲ್ಲ. ಹಳದಿ ಯಂತ್ರ ಕೆಲಸದಿಂದ ನಿಂತ ಮೇಲೂ ಅದನ್ನು ಬೈಕಿನ ಪೆಟ್ಟಿಗೆಯಲ್ಲಿಟ್ಟುಕೊಂಡು ತಿರುಗುತ್ತಿದ್ದರು. ನನಗೆ ಇಟ್ಟ ಹೆಸರು "ಡಿಬೇಟು". "ಏನ್ ಡಿಬೇಟು, ಇವತ್ತು ಪರವೋ ವಿರೋಧವೋ?" ಎಂದೇ ಬೆಳಗು ಶುರುವಾಗುತ್ತಿತ್ತು. ಅವರ ಜೊತೆ ನಾನು ಗೆದ್ದ ವಾದಗಳು ಕಡಿಮೆ. ಅವರು ವಾದವನ್ನೇ ಮಾಡುತ್ತಿರಲಿಲ್ಲ, ಬೈಕ್ ಚಾಲೂ ಮಾಡಿಬಿಡುತ್ತಿದ್ದರು.

ಹೊಂಡದ ಕೆಲಸ ಬಂದದ್ದು ಆಗ. ರೈತರು ಸರ್ಕಾರದ ನೆರವಿನಿಂದ ತೋಡಿಸಿದ ಕೃಷಿ ಹೊಂಡಗಳು ನಿಜಕ್ಕೂ ಇವೆಯೋ, ಬರೀ ಕಾಗದದ ಮೇಲಿವೆಯೋ ಎಂದು ನೋಡಬೇಕು. ಚುಕ್ಕಿಗಳನ್ನು ನಮಗಿಂತ ಮೊದಲು ಬೇರೊಂದು ತಂಡ ಹಳದಿ ಯಂತ್ರದಲ್ಲಿ ಗುರುತಿಸಿತ್ತು. ನಮ್ಮ ಪಾಲಿಗೆ ವೃತ್ತದೊಳಗೆ ನಿಂತು "ಇದೆ" ಅಥವಾ "ಇಲ್ಲ" ಒತ್ತುವುದು.

ಅಂದು ಸೊರಬದ ಕಡೆ ಇದ್ದೆವು. ಹತ್ತಿರದ ಚುಕ್ಕಿಯನ್ನು ಫೋನೇ ಆರಿಸಿ ತೋರಿಸುತ್ತಿತ್ತು. ಒಂದು ಚುಕ್ಕಿ ನಮ್ಮನ್ನು ತಾಲ್ಲೂಕಿನ ತೆಂಕಣ ಅಂಚಿನ ಕಾನಿಗೆ ಕರೆದೊಯ್ದಿತು. ದಟ್ಟ ಮರ, ಕಾಲಡಿ ಕೊಳೆತ ಎಲೆ, ಉಂಬಳ. ವೃತ್ತ ಹಸಿರಾಯಿತು. ಹೊಂಡದ ಸುಳಿವಿಲ್ಲ, ಹೊಲದ ಸುಳಿವೂ ಇಲ್ಲ. ಪರದೆಯಲ್ಲಿ ಹೆಸರು ಗಿರಿಜಮ್ಮ, ಊರು ತೊಗರ್ಸಿ ಪಕ್ಕದ ಒಂದು ಹಳ್ಳಿ.

"ಸರ್, ಇದು ಸೊರಬ. ಊರು ಶಿಕಾರಿಪುರ ತಾಲ್ಲೂಕಿನದು."

"ಅಂಚಿನ ಊರುಗಳಮ್ಮ. ಅಲ್ಲೊಂದು ತುಂಡು, ಇಲ್ಲೊಂದು ತುಂಡು ಜಮೀನು ಇರ್ತಾವೆ. ತವರುಮನೆ ಕಡೇದಿರ್ಬೇಕು."

"ಕಾನಿನ ನಡುವೆ ಹೊಲವೇ ಇಲ್ಲ ಸರ್. ಹೊಲ ಇಲ್ಲದ ಮೇಲೆ ಹೊಂಡ ಇಲ್ಲ ಅನ್ನೋದಕ್ಕಿಂತ ಜಾಗ ತಪ್ಪು ಅನ್ನೋದು ಹೆಚ್ಚು ಸಮಂಜಸ ಅಲ್ವಾ?"

"'ಜಾಗ ತಪ್ಪು' ಅಂತ ಗುಂಡಿ ಇದ್ಯಾ ಅದ್ರಲ್ಲಿ?"

ಇರಲಿಲ್ಲ. "ಇದೆ", "ಇಲ್ಲ" ಎರಡೇ. ಸರ್ ನನ್ನ ಕೈಯಿಂದ ಫೋನ್ ತೆಗೆದುಕೊಂಡು "ಇಲ್ಲ" ಒತ್ತಿದರು. ಬಗ್ಗಿ ಕಾಲಿನ ಉಂಬಳ ಕಿತ್ತರು. ಬೈಕ್ ಚಾಲೂ ಮಾಡಿದರು.

ಕೆಲವು ವಾರಗಳ ನಂತರ ತೊಗರ್ಸಿಯಲ್ಲಿ ಸ್ಕೂಟಿ ನಿಲ್ಲಿಸಿ ಮಂಡಕ್ಕಿ ಕಟ್ಟಿಸಿಕೊಳ್ಳುತ್ತಿದ್ದೆ. ನಡುವಯಸ್ಸಿನ ಹೆಂಗಸೊಬ್ಬಳು ನನ್ನ ಕೊರಳಿನ ಗುರುತಿನ ಚೀಟಿಯನ್ನು ಹಿಡಿದು ಓದಿದಳು.

"ಹೊಂಡ ಇಲ್ಲ ಅಂತ ಬರ್ದೋರು ನೀವೇ ಏನು?"

"ಯಾವ ಹೊಂಡ ಅಕ್ಕಾ?"

"ನಂದು. ಗಿರಿಜವ್ವಂದು. ಪಂಚಾಯ್ತಿ ಗೋಡಿಗೆ ಅಂಟ್ಸ್ಯಾರಲ್ಲ, 'ಸ್ಥಳದಲ್ಲಿ ಹೊಂಡ ಇರುವುದಿಲ್ಲ' ಅಂತ. ಓಣಿ ತುಂಬ ನನಗೇನಂತಾರೆ ಗೊತ್ತೈತಾ? ಕೆರಿ ನುಂಗಿದೋರನ್ನ ಕಂಡಿದ್ವಿ, ಹೊಂಡ ನುಂಗಿದಾಕಿ ನೀನೇ ಮೊದಲು ಅಂತಾರೆ. ಎಂಟು ವರ್ಷದಿಂದ ಹೆಣ್ಮಕ್ಕಳ ಸಂಘದ ಅಧ್ಯಕ್ಷೆ ನಾನು. ಈ ಐತ್ವಾರ ಸಭೆ ಕರ್ದಾರೆ, ಸುಳ್ಳು ಹೊಂಡ ತೋರ್ಸಿದಾಕಿ ಅಧ್ಯಕ್ಷೆ ಆಗಿರಬೇಕೋ ಬ್ಯಾಡೋ ಅಂತ. ನಡೀರಿ. ನಿಮ್ಮನ್ನ ಅದ್ರಾಗೇ ದಬ್ತೀನಿ, ಐತೋ ಇಲ್ಲೋ ಆಗ ಗೊತ್ತಾಗ್ಲಿ."

ಹೋದೆ. ದಬ್ಬುವ ಅಗತ್ಯ ಬೀಳಲಿಲ್ಲ. ಮೆಕ್ಕೆಜೋಳದ ಹೊಲದ ತಗ್ಗಿನ ಮೂಲೆಯಲ್ಲಿ, ಸುತ್ತ ಬೇಲಿ ಕಟ್ಟಿಸಿಕೊಂಡು, ಕರಿಯ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು, ಹೊಂಡ ತುಂಬಿ ನಿಂತಿತ್ತು. ಏರಿಯ ಮೇಲೆ ಬದನೆ ಗಿಡ. ನೀರಲ್ಲಿ ಎರಡು ಬಾತುಕೋಳಿ. ಇಷ್ಟು ಢಾಳಾಗಿ ಇರುವ ಹೊಂಡವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಫೋನ್ ತೆರೆದೆ. ವೃತ್ತ ಕೆಂಪು. "ನೀವು ಸ್ಥಳದಿಂದ ದೂರದಲ್ಲಿದ್ದೀರಿ" ಎಂದಿತು. ಹೊಂಡಕ್ಕೆ ಕಾಲು ಇಳಿಬಿಟ್ಟು ಕೂತೆ. ಆಗಲೂ ದೂರದಲ್ಲೇ ಇದ್ದೆ.

ಹಾಲೇಶಪ್ಪ ಸರ್‌ಗೆ ಫೋನ್ ಹಚ್ಚಿದೆ. ಗಿರಿಜಕ್ಕ ಸ್ಪೀಕರ್ ಹಾಕು ಎಂದಳು.

"ಅಯ್ಯೋ ಅದೇನು ದೊಡ್ಡ ವಿಷ್ಯ" ಎಂದರು ಸರ್. "ಹೊಂಡದ ಫೋಟೋ ತಗೊಂಡು ಒಂದು ಪ್ರಿಂಟ್ ಹಾಕ್ಸು. ಕಾನಿಗೆ ಹೋಗಿ ವೃತ್ತದಲ್ಲಿ ನಿಂತ್ಕೊ. ಪ್ರಿಂಟನ್ನ ಮರಕ್ಕೆ ಆನಿಸಿ ಅದರ ಫೋಟೋ ತೆಗಿ. 'ಇದೆ' ಒತ್ತು. ಮುಗೀತು."

"ಅಂದ್ರೆ ಹೊಂಡ ಇದೆ ಅನ್ನೋ ಸತ್ಯ ಹೇಳೋಕೆ, ಹೊಂಡ ಇಲ್ಲದ ಕಡೆ ನಿಂತು ಸುಳ್ಳು ಫೋಟೋ ತೆಗೀಬೇಕು?"

"ಫಲಿತಾಂಶ ಸತ್ಯ ಬಂತಲ್ಲಮ್ಮ."

"ನಾಳೆ ಕಾನಿನಲ್ಲೊಂದು ಹೊಂಡ ಇದೆ ಅಂತ ದಾಖಲಾಗುತ್ತೆ ಸರ್. ಒಂದು ಸುಳ್ಳು 'ಇಲ್ಲ' ತಿದ್ದೋಕೆ ಇನ್ನೊಂದು ಸುಳ್ಳು 'ಇದೆ'."

ಗಿರಿಜಕ್ಕ ಫೋನಿಗೆ ಬಾಯಿ ಹಾಕಿದಳು. "ಸಾಹೇಬ್ರೇ, ನಾನೊಂದು ಹೇಳ್ಲೇನು? ಹೊಂಡನೇ ತಲಿ ಮ್ಯಾಲೆ ಹೊತ್ಕೊಂಡು ಸೊರಬಕ್ಕೆ ಹೋಗ್ತೀನಿ. ಬಸ್ಸಿನಾಗೆ ಹೆಂಗಸರಿಗೆ ಟಿಕೀಟಿಲ್ಲ, ಹೊಂಡಕ್ಕೆ ಅರ್ಧ ಟಿಕೀಟು ತಗೋತಾರೇನು ಕೇಳಿ ಹೇಳ್ರಿ."

ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಮುಂದುವರಿಸಿದಳು.

"ಐತ್ವಾರ ನಮ್ಮ ಸಂಘದ ಸಭೆ ಇಲ್ಲೇ, ಹೊಂಡದ ಏರಿ ಮ್ಯಾಲೆ ಇಟ್ಕಂತೀನಿ. ನೀವೂ ಬರ್ಬೇಕು. ಬರ್ಲಿಲ್ಲಾಂದ್ರೆ ಶಿಕಾರಿಪುರಕ್ಕೆ ನಾವೇ ಬರ್ತೀವಿ, ಇಪ್ಪತ್ತು ಮಂದಿ."

ಭಾನುವಾರ ಸರ್ ಬಂದರು. ಹೆಂಗಸರು ಏರಿಯುದ್ದಕ್ಕೂ ಚೀಲ ಹಾಸಿ ಕುಳಿತಿದ್ದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೈಯಿಂದ ಕೈಗೆ ಬಂದವು. ಹೊಂಡ ಇದೆ ಎಂಬುದು ಕಣ್ಣಿಗೇ ಕಾಣುತ್ತಿದ್ದರಿಂದ ಸಭೆ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. "ಹೊಂಡ ಐತೆ, ಖರೆ" ಎಂದಳು ಒಬ್ಬಳು. "ಮತ್ತೆ ಸರ್ಕಾರದೋರು ಸುಮ್ಸುಮ್ನೆ ಇಲ್ಲ ಅಂತ ಯಾಕ್ ಬರೀತಾರೆ? ಸಬ್ಸಿಡಿ ತಗೊಂಡ ಹೊಂಡ ಇದಲ್ಲ, ಇದು ಬ್ಯಾರೇದು ಅಂತಾರಲ್ಲ ಮಂದಿ." ಹೌದು, ಇದು ವಾದ. ಕಣ್ಣೆದುರಿನ ಹೊಂಡದಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. "ಇಲ್ಲ" ಎಂಬುದು ಯಾಕೆ ಬಂತು ಎಂದು ತೋರಿಸದ ಹೊರತು ಗಿರಿಜಕ್ಕ ಗೆಲ್ಲುವಂತಿರಲಿಲ್ಲ.

ಹಾಲೇಶಪ್ಪ ಸರ್ ಎದ್ದು ಬೈಕಿನ ಪೆಟ್ಟಿಗೆಯಿಂದ ತಮ್ಮ ಹಳದಿ ಯಂತ್ರ ತಂದರು. "ಈ ಫೋನ್‌ಗೀನ್ ಎಲ್ಲ ನಂಬಬಾರ್ದು ತಾಯಿ. ಇದು ನೋಡ್ರಿ, ಹಳೇದು, ಸುಳ್ಳು ಹೇಳಲ್ಲ" ಎಂದು ಅದನ್ನು ಆಕಾಶಕ್ಕೆ ಹಿಡಿದರು. ಕಾದೆವು. ಅಂಕಿಗಳು ಮೂಡಿದವು. ನಾನು ಪಕ್ಕದಲ್ಲಿ ನನ್ನ ಫೋನನ್ನೂ ಹಿಡಿದೆ.

ಎರಡೂ ಒಂದೇ ಜಾಗದಲ್ಲಿವೆ, ಅಂಕಿಗಳು ಬೇರೆ ಬೇರೆ. ಹಳದಿ ಯಂತ್ರ ಡಿಗ್ರಿ, ಮಿನಿಟು, ಸೆಕೆಂಡು ಎಂದು ಮೂರು ತುಂಡಾಗಿ ತೋರಿಸುತ್ತಿತ್ತು. ಫೋನು ಡಿಗ್ರಿ ಬರೆದು, ಚುಕ್ಕೆಯಿಟ್ಟು, ಉಳಿದದ್ದನ್ನು ದಶಾಂಶದಲ್ಲಿ ತೋರಿಸುತ್ತಿತ್ತು. ಆಮೇಲೆ ಫೋನಿನಲ್ಲೇ ಗಿರಿಜಕ್ಕನ ಚುಕ್ಕಿಯನ್ನು ತೆರೆದು ನೋಡಿದೆ. ಆ ಕಾನಿನ ಚುಕ್ಕಿಯ ಅಂಕಿಗಳು ಹಳದಿ ಯಂತ್ರದಲ್ಲಿದ್ದ ಅಂಕಿಗಳೇ! ನಡುವಿನ ಗುರುತುಗಳು ಹೋಗಿ, ಡಿಗ್ರಿಯ ಮುಂದೆ ಒಂದು ಚುಕ್ಕೆ ಬಂದಿತ್ತು ಅಷ್ಟೆ. ಯಾರೋ ಮಿನಿಟನ್ನು ದಶಾಂಶವೆಂದು ಬರೆದುಬಿಟ್ಟಿದ್ದರು.

"ನಮಗೆ ತಿಳಿಯಂಗ ಹೇಳವಾ" ಎಂದರು ಹೆಂಗಸರು.

"ಒಂದೂವರೆ ಗಂಟೆ ಬಸ್ಸಿನ ಹೊತ್ತನ್ನ ಬೋರ್ಡಿನ ಮೇಲೆ ಹೆಂಗೆ ಬರೀತಾರೆ? ಒಂದು, ಚುಕ್ಕೆ, ಮೂವತ್ತು. ಅದು ಅರ್ಧ ಗಂಟೆ, ಯಾಕಂದ್ರೆ ಗಂಟೆಗೆ ಅರವತ್ತು ನಿಮಿಷ. ಆದ್ರೆ ಗಂಟೆಗೆ ನೂರು ನಿಮಿಷ ಅಂತ ತಿಳಿದೋನು ಅದನ್ನೇ ಓದಿದ್ರೆ? ನೂರರಲ್ಲಿ ಮೂವತ್ತು. ಅರ್ಧಕ್ಕಿಂತ ಕಮ್ಮಿ ಆಯ್ತು. ಹಂಗೆ ಓದಿದಾಗೆಲ್ಲ ಅಂಕಿ ಕಮ್ಮಿನೇ ಆಗುತ್ತೆ, ಜಾಸ್ತಿ ಆಗೋದೇ ಇಲ್ಲ. ಡಿಗ್ರಿಗೂ ಗಂಟೆ ಹಂಗೇ ಅರವತ್ತು ಮಿನಿಟು. ಇಲ್ಲಿ ಅಂಕಿ ಕಮ್ಮಿ ಆದ್ರೆ ಜಾಗ ತೆಂಕಣಕ್ಕೂ ಪಡುವಣಕ್ಕೂ ಸರಿಯುತ್ತೆ. ತೊಗರ್ಸಿಯಿಂದ ತೆಂಕಣ-ಪಡುವಣಕ್ಕೆ ಹೋದ್ರೆ ಏನು ಬರುತ್ತೆ?"

"ಸೊರಬದ ಕಾನು" ಎಂದಿತು ಅರ್ಧ ಸಭೆ.

"ಹಂಗಾದ್ರೆ ನನ್ನ ಹೊಂಡ ಬಸ್ ತಪ್ಪಿಸ್ಕೊಂಡಿತ್ತು ಅನ್ರಿ" ಎಂದಳು ಗಿರಿಜಕ್ಕ. ಏರಿಯ ಮೇಲೆ ನಗು ಎದ್ದಿತು. ಪ್ರಶ್ನೆ ಎತ್ತಿದ್ದವಳೇ ಮಂಡಕ್ಕಿಯ ಪುಟ್ಟಿಯನ್ನು ಗಿರಿಜಕ್ಕನ ಮುಂದೆ ತಳ್ಳಿ, "ಅಧ್ಯಕ್ಷೀ, ಮೊದಲು ನೀ ತಿನ್ನು" ಎಂದಳು. ಮತ ಹಾಕುವ ಮಾತೇ ಬರಲಿಲ್ಲ.

ಹಾಲೇಶಪ್ಪ ಸರ್ ಯಂತ್ರವನ್ನು ಮಗುವಿನಂತೆ ಒರೆಸುತ್ತ, "ನೋಡಿದ್ಯಾ ಡಿಬೇಟು, ನಮ್ಮ ಹಳೇದು ಸರಿಯಾಗೇ ಹೇಳಿತ್ತು" ಎಂದರು.

"ಫೋನೂ ಸರಿಯಾಗೇ ಹೇಳಿತ್ತು ಸರ್. ಇವೆರಡರ ನಡುವೆ ಕೂತು ಟೈಪ್ ಮಾಡಿದವರದ್ದು ತಪ್ಪು."

ಟೈಪ್ ಮಾಡಿದವರು ಯಾರೆಂದು ಇಂದಿಗೂ ನನಗೆ ಗೊತ್ತಿಲ್ಲ, ಹುಡುಕುವ ಆಸೆಯೂ ಇಲ್ಲ. ಎಂಥ ಜಾಣರ ಕೈಯಿಂದಲೂ ಆಗುವ ತಪ್ಪು ಅದು. ಎರಡೂ ಪರದೆಗಳನ್ನು ಅಕ್ಕಪಕ್ಕ ಹಿಡಿದು, ಹಿಂದೆ ಬಾತುಕೋಳಿಗಳೂ ಕಾಣುವಂತೆ ಫೋಟೋ ತೆಗೆದು ಕಚೇರಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಮತ್ತೆ ಕಳಿಸಿದೆ. ಕೊನೆಗೊಂದು ಬೆಳಗ್ಗೆ ಫೋನ್ ತೆರೆದಾಗ ಕಾನಿನಲ್ಲಿದ್ದ ಚುಕ್ಕಿ ಮಾಯವಾಗಿ ತೊಗರ್ಸಿ ಕಡೆ ಬಂದು ಕುಳಿತಿತ್ತು. ಅದರ ಜೊತೆ ಇನ್ನೂ ಕೆಲವು ಹೊಂಡಗಳು ತಮ್ಮ ತಮ್ಮ ಹೊಲಕ್ಕೆ ಮರಳಿದ್ದವು. ಅಂದೇ ಹೋಗಿ ಹಸಿರು ವೃತ್ತದಲ್ಲಿ ನಿಂತು "ಇದೆ" ಒತ್ತಿದೆ. ಗಿರಿಜಕ್ಕ ಬದನೆಕಾಯಿ ಕೊಟ್ಟಳು. ಲಂಚವಾಗುತ್ತದೆ ಎಂದೆ. "ಒತ್ತೋಕೆ ಮುಂಚೆ ಕೊಟ್ರೆ ಲಂಚ, ಒತ್ತಿದ ಮ್ಯಾಲೆ ಕೊಟ್ರೆ ಪಲ್ಯ" ಎಂದಳು. ನಾನು ಸೋತ ವಾದಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು.

ಹೊಸಬರೇ, ಫೋನನ್ನು ನಂಬಬೇಡಿ ಎಂದು ನಾನು ಹೇಳುವುದಿಲ್ಲ. ನಂಬಿ ಎಂದೂ ಹೇಳುವುದಿಲ್ಲ. ಹಸಿರು ವೃತ್ತದಲ್ಲಿ ನಿಂತಾಗ ಒಮ್ಮೆ ತಲೆಯೆತ್ತಿ ಸುತ್ತ ನೋಡಿ. ಹೊಲದ ಹೊಂಡ ಹುಡುಕುತ್ತ ಕಾಡಿನಲ್ಲಿ ನಿಂತಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಹೊಂಡವನ್ನಲ್ಲ.

ಆ ಭಾನುವಾರದ ಒಂದು ಮಾತು ಉಳಿದಿದೆ. ಎಲ್ಲರೂ ಚೀಲ ಕೊಡವಿ ಏಳುವಾಗ ಗಿರಿಜಕ್ಕ ಹಾಲೇಶಪ್ಪ ಸರ್ ಎದುರು ಬಂದು ನಿಂತಳು.

"ಸಾಹೇಬ್ರೇ, ಹೊಂಡ ತುಂಬಿದ ವರ್ಷ ಗಂಗಿಪೂಜಿ ಮಾಡಿದ್ವಿ. ಅವತ್ತು ಈ ದಾರ್ಯಾಗೆ ಹೋಗ್ತಿದ್ದ ನಿಮ್ಮನ್ನೂ ಕರ್ದು ಕೂರ್ಸಿ ಉಣ್ಣಾಕ ಇಟ್ಟಿದ್ದೆ. ಇದೇ ಏರಿ, ಇದೇ ಜಾಗ. ಹೋಳಿಗಿ ಮ್ಯಾಲೆ ಎರಡು ಸಲ ತುಪ್ಪ ಹಾಕಿಸ್ಕಂಡಿದ್ರಿ. ಮರ್ತ್ರೇನು?"

ಸರ್ ನಕ್ಕು, ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು, ಬೈಕ್ ಚಾಲೂ ಮಾಡಿದರು.

ನನ್ನ ಬೀಳ್ಕೊಡುಗೆಯ ದಿನ ಶಾಲು ಹೊದಿಸಿದವರೂ ಅವರೇ. ಚಹಾದಂಗಡಿಯಲ್ಲಿ "ಫೋನ್ ನಂಬಬಾರ್ದು" ಕಥೆಯನ್ನು ಈಗಲೂ ಚೆಂದವಾಗಿ ಹೇಳುವವರೂ ಅವರೇ. ಈ ಬರಹವನ್ನು ಓದುತ್ತಾರೆಂದು ಗೊತ್ತು, ಬೈಕಿನ ಮೇಲಿಲ್ಲದಾಗ ಓದಲಿ ಎಂದು ಹಾರೈಸುತ್ತೇನೆ. ಸರ್, ಆ ಕಾನಿನಲ್ಲಿ ನಿಂತು ಗಿರಿಜಮ್ಮ ಎಂಬ ಹೆಸರನ್ನೂ ಊರನ್ನೂ ಓದಿ "ಇಲ್ಲ" ಒತ್ತಿದಿರಲ್ಲ, ಆಗ ನಿಮಗೆ ಹೋಳಿಗೆ ನೆನಪಾಗಲೇ ಇಲ್ಲವೋ, ಅಥವಾ ನೆನಪಾಗಿಯೂ ನಿಮ್ಮ ನಾಲಿಗೆಗಿಂತ ಆ ಹಸಿರು ವೃತ್ತವೇ ಹೆಚ್ಚು ನಿಜ ಅನ್ನಿಸಿತೋ?